ಗೆರೆ ದಾಟಿದ ಮೇಲಿನ ಇಪ್ಪತ್ತು ಸೆಕೆಂಡ್

ಮಗಳು ಹೈಸ್ಕೂಲಿನ ಕ್ರಾಸ್ ಕಂಟ್ರಿ ತಂಡ ಸೇರಿದ ವರ್ಷ, ಕೋಚ್ ಅಪ್ಪ ಅಮ್ಮಂದಿರಿಗೆಲ್ಲ ಒಂದೊಂದು ಕೆಲಸ ಹಂಚಿದರು. ಮನೆಯಲ್ಲಿ ಒಳ್ಳೆಯ ಕ್ಯಾಮೆರಾ ಇದೆ ಅಂತ ನಾನು ಬಾಯಿ ತಪ್ಪಿ ಹೇಳಿದೆ. ಫಿನಿಶ್ ಲೈನ್ ನನ್ನ ಪಾಲಿಗೆ ಬಂತು. ನಾಲ್ಕು ಸೀಸನ್ ಅಲ್ಲೇ ನಿಂತೆ.

ಅಮೆರಿಕದ ಹೈಸ್ಕೂಲುಗಳಲ್ಲಿ ಈ ಓಟದ ದೂರ ಸಾಮಾನ್ಯವಾಗಿ 5 ಕಿಲೋಮೀಟರ್. ಟ್ರ್ಯಾಕ್ ಇರುವುದಿಲ್ಲ. ಹುಲ್ಲು, ಮಣ್ಣು, ದಿಬ್ಬ, ಮಳೆ ಬಂದಿದ್ದರೆ ಕೆಸರು. ಕೊನೆಗೆ ಒಂದು ಉದ್ದನೆಯ ನೇರ ದಾರಿ, ಗೆರೆಯ ಆಚೆ ಹಗ್ಗ ಕಟ್ಟಿದ ಓಣಿ. ಅದಕ್ಕೆ ಶೂಟ್ ಅನ್ನುತ್ತಾರೆ. ಬಂದವರು ಬಂದ ಸಾಲಿನಲ್ಲೇ ಅದರೊಳಗೆ ನಡೆದು ಹೋಗಬೇಕು.

ಮೊದಲ ಸೀಸನ್ನಿನಲ್ಲಿ ನಾನು ಎಲ್ಲರ ಹಾಗೆ ಗೆರೆಯ ಮೇಲೇ ಕಣ್ಣಿಟ್ಟೆ. ದೂರದ್ದನ್ನು ಹತ್ತಿರಕ್ಕೆ ಎಳೆಯುವ 70-200 ಲೆನ್ಸ್, ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ, ಕಾಲು ಗೆರೆ ಮುಟ್ಟುವ ಹೊತ್ತಿಗೆ ಪಟಪಟ ಅಂತ ಹತ್ತು ಫೋಟೋ. ಒಂದೂ ಮಸುಕಾಗಿರಲಿಲ್ಲ. ಆದರೆ ರಾತ್ರಿ ಕೂತು ನೋಡಿದರೆ ಎಲ್ಲ ಒಂದೇ ಮುಖ. ಅರ್ಧ ಮುಚ್ಚಿದ ಕಣ್ಣು, ಎಳೆದ ತುಟಿ, ಗಲ್ಲದ ಮೇಲೆ ಜೊಲ್ಲು. ಗೆದ್ದ ಹುಡುಗ ಯಾರು, ನೂರನೆಯವನು ಯಾರು, ಎದೆಯ ಮೇಲಿನ ನಂಬರ್ ನೋಡದೆ ಹೇಳಲಾಗುತ್ತಿರಲಿಲ್ಲ.

ಮಗಳದ್ದೇ ಒಂದು ಫೋಟೋ ನನಗೆ ತುಂಬ ಇಷ್ಟವಾಗಿತ್ತು. ಅಳು ಒತ್ತಿಕೊಂಡು ಬರುತ್ತಿರುವ ಮುಖ. ಮನಸ್ಸಿನ ನೋವನ್ನೇ ಹಿಡಿದುಬಿಟ್ಟೆ ಅಂತ ಹೆಮ್ಮೆಯಿಂದ ತೋರಿಸಿದೆ. ಅವಳು ನೋಡಿ, "ಅಪ್ಪಾ, ಅದು ನೋವಲ್ಲ. ವಾಂತಿ ತಡ್ಕೊಳ್ತಿದ್ದೆ" ಅಂದಳು.

ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿ ಸ್ವಲ್ಪ ಸಮಾಧಾನವಾಯಿತು. ಹಿಲೆಲ್ ಅವಿಯೆಜರ್ ಮತ್ತು ಜೊತೆಗಾರರು 2012ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಮುಖ್ಯ ಪಾಯಿಂಟ್ ಗೆದ್ದ, ಸೋತ ಟೆನಿಸ್ ಆಟಗಾರರ ಫೋಟೋಗಳನ್ನು ಜನರಿಗೆ ತೋರಿಸಿದರು. ಮುಖ ಮಾತ್ರ ತೋರಿಸಿದಾಗ ಯಾರು ಗೆದ್ದವರು ಅಂತ ಜನರಿಗೆ ಗೊತ್ತಾಗಲಿಲ್ಲ. ಮೈ ತೋರಿಸಿದಾಗ ಗೊತ್ತಾಯಿತು. ಭಾವನೆ ತೀರಾ ತೀವ್ರವಾದಾಗ ಮುಖ ಸುಳಿವು ಕೊಡುವುದಿಲ್ಲ, ಕೈ, ಭುಜ, ಬೆನ್ನು ಕೊಡುತ್ತವೆ. ಓಟದಲ್ಲಂತೂ ಮುಖದ ಮೇಲೆ ದಣಿವೂ ಕೂತಿರುತ್ತದೆ. ಮುಖವನ್ನೇ ಹತ್ತಿರಕ್ಕೆ ಎಳೆದು ತೆಗೆಯುತ್ತಿದ್ದ ನನಗೆ ಇನ್ನೇನು ಸಿಗಬೇಕು ಹೇಳಿ.

ಎರಡನೇ ಸೀಸನ್ನಿನಲ್ಲಿ ಜಾಗ ಬದಲಿಸಿದೆ. ಅಧಿಕಾರಿಗಳನ್ನು ಕೇಳಿಕೊಂಡು ಶೂಟ್ ಮುಗಿಯುವ ಕಡೆ ಹಗ್ಗದ ಹೊರಗೆ, ಹುಲ್ಲಿನ ಮೇಲೆ ಮಂಡಿಯೂರಿ ಕೂತೆ. ಗೆರೆಯಿಂದ ಸುಮಾರು ಹದಿನೈದು ಮೀಟರ್ ಆಚೆ. ಅಲ್ಲಿ ವೇಗ ಇರುವುದಿಲ್ಲ, ಶಟರ್ ಐನೂರರಲ್ಲಿ ಒಂದು ಭಾಗ ಸಾಕು. ಲೆನ್ಸನ್ನು ಅಗಲಕ್ಕೆ ತಂದು ಇಡೀ ಮೈ ಸಿಗುವ ಹಾಗೆ ಇಟ್ಟೆ. ಮುಖ್ಯವಾಗಿ, ಕಾಯಲು ಕಲಿತೆ.

ಗೆರೆ ದಾಟಿದ ಕೂಡಲೇ ಅವರಲ್ಲಿ ಏನೂ ಇರುವುದಿಲ್ಲ, ಮೊದಲು ಬರುವುದು ಉಸಿರು. ಕೈ ಮಂಡಿಯ ಮೇಲೆ, ಬೆನ್ನು ಏರಿಳಿಯುತ್ತಿರುತ್ತದೆ. ಹತ್ತು ಹದಿನೈದು ಸೆಕೆಂಡ್ ಆದ ಮೇಲೆ ತಲೆ ಮೇಲೆತ್ತುತ್ತಾರೆ. ಕೆಲವರು ತಿರುಗಿ ಗಡಿಯಾರ ನೋಡುತ್ತಾರೆ, ಕೆಲವರು ಗೆಳೆಯ ಬಂದನಾ ಅಂತ ಹಿಂದೆ ನೋಡುತ್ತಾರೆ. ಓಟ ಏನಾಯಿತು ಅನ್ನುವುದು ಆಗ ಒಳಗೆ ಇಳಿಯುತ್ತದೆ. ಒಬ್ಬ ಹುಡುಗಿ ತನ್ನ ಸಮಯ ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸ್ಥಾನ ಎಂಬತ್ತರ ಆಚೆ ಇತ್ತು, ಆದರೆ ಅವಳ ಜೀವನದ ಅತಿ ವೇಗದ ಓಟ ಅದು. ಆ ಬೆರಳುಗಳು ಮತ್ತು ಮೇಲೇರಿದ ಭುಜ, ಅಷ್ಟೇ ಫೋಟೋ.

ಗೆರೆಯ ಮೇಲೇ ಎರಡೂ ಕೈ ಎತ್ತಿ ಬರುವವರ ಬಗ್ಗೆ ನನಗೆ ಒಂಚೂರು ಅನುಮಾನ. ಕೈ ಎತ್ತುವಷ್ಟು ಶಕ್ತಿ ಉಳಿದಿತ್ತಾ ಅಂತ. ಹೊಟ್ಟೆಕಿಚ್ಚೂ ಇರಬಹುದು, ಅಂಥ ಫೋಟೋಗಳನ್ನೇ ಎಲ್ಲರೂ ಇಷ್ಟಪಡುತ್ತಾರೆ ನೋಡಿ.

ಕುಸಿದು ಬೀಳುವವರನ್ನು ನೋಡಿ ಮೊದಮೊದಲು ಭಯವಾಗುತ್ತಿತ್ತು. ಎಲ್ಲ ಸಲವೂ ಅದು ದುಃಖ ಅಲ್ಲ. ಓಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ತಟ್ಟನೆ ನಿಂತರೆ ಆ ಪಂಪ್ ನಿಲ್ಲುತ್ತದೆ, ರಕ್ತ ಕಾಲಲ್ಲೇ ಉಳಿಯುತ್ತದೆ, ತಲೆ ತಿರುಗುತ್ತದೆ. ಅದಕ್ಕೇ ಶೂಟ್‌ನಲ್ಲಿ ನಿಂತ ಸ್ವಯಂಸೇವಕರು "ನಡೀರಿ, ನಿಲ್ಬೇಡಿ" ಅಂತ ಕೂಗುತ್ತಲೇ ಇರುತ್ತಾರೆ. ಆದರೆ ಬಿಸಿಲಿದ್ದಾಗ ನಿಜವಾಗಿ ಹುಷಾರಾಗಿರಬೇಕು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ರಾಸ್ ಕಂಟ್ರಿಯಲ್ಲಿ 38 ಜನ ಹೊರಟು 15 ಜನ ಮಾತ್ರ ಮುಗಿಸಿದರು, ಉಳಿದವರು ಬಿಸಿಲಿಗೆ ಬಿದ್ದರು, ದಾರಿ ಬಿಟ್ಟರು. ಗೆದ್ದ ಪಾವೊ ನುರ್ಮಿ ಮಾತ್ರ ಏನೂ ಆಗದವನ ಹಾಗೆ ಬಂದ. ಅಲ್ಲಿಗೆ ಒಲಿಂಪಿಕ್ಸ್‌ನಿಂದ ಈ ಓಟವನ್ನೇ ತೆಗೆದುಹಾಕಿದರು. ವೈದ್ಯಕೀಯ ಟೆಂಟಿನ ಕಡೆಗೆ ಯಾರನ್ನಾದರೂ ಕರೆದೊಯ್ಯುವಾಗ ನಾನು ಕ್ಯಾಮೆರಾ ಕೆಳಗಿಡುತ್ತೇನೆ. ವಾಂತಿಯದ್ದೂ ತೆಗೆಯುವುದಿಲ್ಲ. ಮಗಳ ಆಣತಿ.

ಎಲ್ಲಕ್ಕಿಂತ ನನಗೆ ತಡವಾಗಿ ಅರ್ಥವಾಗಿದ್ದು ತಂಡದ ಲೆಕ್ಕ. ತಂಡಕ್ಕೆ ಏಳು ಜನ. ಮೊದಲು ಬಂದ ಐವರ ಸ್ಥಾನಗಳನ್ನು ಕೂಡುತ್ತಾರೆ, ಕಡಿಮೆ ಬಂದ ತಂಡ ಗೆದ್ದಂತೆ. ಒಂದರಿಂದ ಐದರ ತನಕ ಒಂದೇ ತಂಡದವರು ಬಂದರೆ 15. ಅದಕ್ಕಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಇದು ಗೊತ್ತಾದ ಮೇಲೆ ನನ್ನ ಕಣ್ಣು ಮೊದಲನೆಯವನನ್ನು ಬಿಟ್ಟು ಐದನೆಯವನ ಕಡೆ ಹೋಯಿತು. ಮುಂದೆ ಬಂದ ನಾಲ್ವರು ಹಗ್ಗ ಹಿಡಿದು ಅವನಿಗಾಗಿ ಕಿರುಚುತ್ತಿರುತ್ತಾರೆ. ಅವನು ಕೊನೆಯ ನೂರು ಮೀಟರಿನಲ್ಲಿ ಮೂವರನ್ನು ಹಿಂದೆ ಹಾಕಿದರೆ ತಂಡದ ಲೆಕ್ಕ ಮೂರು ಇಳಿಯಬಹುದು. ಮೂವರಿಗೆ ಬಿಟ್ಟುಕೊಟ್ಟರೆ ಅಷ್ಟೇ ಏರಬಹುದು. ಗೆದ್ದೆವಾ ಸೋತೆವಾ ಅನ್ನುವುದು ಗೆರೆ ದಾಟಿದಾಗ ಅವನಿಗೆ ಗೊತ್ತಿರುವುದಿಲ್ಲ. ಖುಷಿಪಡಬೇಕೋ ಬೇಡವೋ ಅಂತ ತಿಳಿಯದೆ ಜೊತೆಗಾರರ ಮುಖ ನೋಡುತ್ತಾನೆ. ಅವರಿಗೂ ಗೊತ್ತಿರುವುದಿಲ್ಲ.

ಆಮೇಲೆ ಕಾಯುವುದು. ಹುಲ್ಲಿನ ಮೇಲೆ ಕೂತು ಫೋನಿನಲ್ಲಿ ಫಲಿತಾಂಶದ ಪುಟವನ್ನು ಮತ್ತೆ ಮತ್ತೆ ತೆರೆಯುವುದು. ಆ ಹೊತ್ತಿಗೆ ನಾನು ಸಾಮಾನು ಕಟ್ಟುತ್ತಿದ್ದೆ.

ಮೂರನೇ ಸೀಸನ್ನಿನ ಕೊನೆಯ ಓಟದಲ್ಲೂ ಕಟ್ಟಿದೆ. ನಮ್ಮ ಶಾಲೆಯ ಹುಡುಗರ ತಂಡದ ಆರನೆಯವನು ಪಕ್ಕದಲ್ಲಿ ಒಬ್ಬನೇ ಕೂತಿದ್ದ. ಅವತ್ತು ಚೆನ್ನಾಗಿ ಓಡಿದ್ದ, ಆದರೆ ಲೆಕ್ಕಕ್ಕೆ ಇಲ್ಲವಲ್ಲ. ಸುಮ್ನೆ ಶೂ ಲೇಸ್ ಬಿಚ್ಚುತ್ತಿದ್ದ. ಆಗ ಕೋಚ್ ಅವನ ಹೆಸರು ಹಿಡಿದು ಕೂಗಿದರು. ಎರಡು ತಂಡಗಳ ಲೆಕ್ಕ ಸಮ ಬಂದಿತ್ತು. ಸಮ ಬಂದರೆ ನೋಡುವುದು ಆರನೆಯವರಲ್ಲಿ ಯಾರು ಮುಂದೆ ಅಂತ. ಎದುರು ತಂಡದ ಆರನೆಯವನಿಗಿಂತ ಇವನು ಮುಂದಿದ್ದ.

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಎದ್ದ. ಒಂದು ಕಾಲಲ್ಲಿ ಸ್ಪೈಕ್ಸ್, ಇನ್ನೊಂದರಲ್ಲಿ ಕೆಸರು ಕಾಲುಚೀಲ. ಕುಂಟುತ್ತಾ ತಂಡದ ಕಡೆ ಓಡಿದ, ಅವರೆಲ್ಲ ಅವನ ಕಡೆ ಓಡಿ ಬಂದರು.

ನನ್ನ ಕ್ಯಾಮೆರಾ ಬ್ಯಾಗಿನಲ್ಲಿತ್ತು, ಜಿಪ್ ಹಾಕಿ. ಈಗ ಫಲಿತಾಂಶ ಬರುವ ತನಕ ಲೆನ್ಸಿಗೆ ಮುಚ್ಚಳ ಕೂಡ ಹಾಕುವುದಿಲ್ಲ.