ಎರಡೆರಡಾಗಿ ಕಂಡ ಮಾತ್ರಕ್ಕೆ ಬೆಲೆ ಬರುವುದಿಲ್ಲ

ಕಳೆದ ಸಲ ನ್ಯೂಜೆರ್ಸಿಯಿಂದ ಬಂದಾಗ ಮಗಳು ಉಪ್ಪಿನಕಾಯಿ ಬಾಟಲಿಯ ತುಂಬ ಪೆನ್ನಿ ತಂದಿದ್ದಳು. ಪೆನ್ನಿ ಅಂದರೆ ಅಮೆರಿಕದ ಒಂದು ಸೆಂಟ್, ಲಿಂಕನ್ ಮುಖವಿರುವ ತಾಮ್ರದ ಬಣ್ಣದ ನಾಣ್ಯ. "ಅಲ್ಲಿ ಇದನ್ನ ಯಾರೂ ಕ್ಯಾರೇ ಅನ್ನಲ್ಲಪ್ಪ, ನೀವು ನೋಡ್ತಾ ಕೂತ್ಕೊಳ್ಳಿ" ಅಂದಳು. ಕೂತೆ. ಮೂರನೇ ದಿನ 1969ರ ಒಂದು ನಾಣ್ಯದಲ್ಲಿ ಇಸವಿ ಎರಡೆರಡಾಗಿ ಕಂಡಿತು. ಅದರ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 'ಎಸ್' ಗುರುತೂ ಇತ್ತು. ಎದೆ ಡವಡವ ಅಂತು. ಅದೇ ಇಸವಿಯ, ಅದೇ ಗುರುತಿನ ಒಂದು ಡಬಲ್ ಡೈ ನಾಣ್ಯ, ಅಂದರೆ ಅಚ್ಚಿನಲ್ಲೇ ಅಕ್ಷರ ಎರಡೆರಡಾಗಿದ್ದ ನಾಣ್ಯ, 2008ರಲ್ಲಿ 1,26,500 ಡಾಲರ್‌ಗೆ ಹರಾಜಾಗಿದೆ.

ನನ್ನದರ ಬೆಲೆ ಒಂದೇ ಸೆಂಟ್. ಅದು ಗೊತ್ತಾಗಿದ್ದು ಹೇಗೆ ಅಂತ ಹೇಳುತ್ತೇನೆ.

ಮೊದಲು, ತಪ್ಪು ಆಗುವುದು ಎಲ್ಲಿ ಅಂತ ತಿಳಿಯಬೇಕು. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಮರದ ಅಚ್ಚಿನಲ್ಲೇ ಆನೆಯ ಸೊಂಡಿಲನ್ನು ಎರಡು ಸಲ ಕೆತ್ತಿದ್ದರೆ, ಅದರಿಂದ ಬರುವ ಪ್ರತಿ ಆನೆಗೂ ಎರಡು ಸೊಂಡಿಲು. ಅಚ್ಚು ಸರಿಯಾಗಿದ್ದು, ಬಿಡಿಸುವಾಗ ಕೈ ಅಲುಗಿದರೆ ಆ ಒಂದು ಆನೆಯ ಸೊಂಡಿಲು ಮಾತ್ರ ಜಜ್ಜಿಹೋಗುತ್ತದೆ. ಮೊದಲನೆಯದು ಡಬಲ್ ಡೈ, ಎರಡನೆಯದು ಮೆಷಿನ್ ಡಬ್ಲಿಂಗ್.

ಟಂಕಸಾಲೆಯಲ್ಲಿ ಅಚ್ಚಿಗೆ ಡೈ ಅನ್ನುತ್ತಾರೆ. ಉಬ್ಬು ಚಿತ್ರವಿರುವ ಹಬ್ ಅನ್ನೋ ಉಕ್ಕಿನ ತುಂಡನ್ನು ಒತ್ತಿ ಅದನ್ನು ತಯಾರಿಸುತ್ತಾರೆ. ಹಿಂದೆಲ್ಲ ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡುತ್ತಿರಲಿಲ್ಲ. ಡೈಯನ್ನು ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕಿತ್ತು. ಎರಡನೇ ಸಲ ಕೂರಿಸುವಾಗ ಕೂದಲೆಳೆಯಷ್ಟು ತಿರುಗಿದರೂ ಮುಗೀತು, ಅಕ್ಷರ ಎರಡು. 1955ರಲ್ಲಿ ಫಿಲಡೆಲ್ಫಿಯಾದಲ್ಲಿ ಇಂಥದೇ ಒಂದು ಡೈಯಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆನ್ನಿ ಹೊರಗೆ ಹೋದವು. ಎಷ್ಟೋ ಪೆನ್ನಿಗಳು ಸಿಗರೇಟ್ ಮಾರುವ ಯಂತ್ರಗಳ ಪ್ಯಾಕಿನೊಳಗೆ ಚಿಲ್ಲರೆಯಾಗಿ ಜನರ ಕೈ ಸೇರಿದವು. ಇವತ್ತು ಅಂಥ ಒಂದಕ್ಕೆ ಸಾವಿರ ಡಾಲರ್‌ಗೂ ಮೇಲೆ.

ಮೆಷಿನ್ ಡಬ್ಲಿಂಗ್ ಬೇರೆ ಕಥೆ. ಡೈ ಚೆನ್ನಾಗೇ ಇರುತ್ತದೆ, ಆದರೆ ಯಂತ್ರದಲ್ಲಿ ಸಡಿಲವಾಗಿರುತ್ತದೆ. ನಾಣ್ಯಕ್ಕೆ ಏಟು ಬಿದ್ದ ಮರುಕ್ಷಣ ಅದು ಅಲುಗಿ, ಆಗಷ್ಟೇ ಎದ್ದ ಅಕ್ಷರದ ಒಂದು ಪಕ್ಕವನ್ನು ತಳ್ಳಿ ಚಪ್ಪಟೆ ಮಾಡುತ್ತದೆ. ಇಂಥವು ಲೆಕ್ಕವಿಲ್ಲದಷ್ಟು ಸಿಗುತ್ತವೆ.

ಈಗ ನೋಡುವ ಕೆಲಸ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜು ಸಾಕು. ಟೇಬಲ್ ಲ್ಯಾಂಪನ್ನು ಒಂದು ಪಕ್ಕಕ್ಕಿಡಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ. ಮೊಬೈಲ್ ಫೋಟೊ ನಂಬಬೇಡಿ, ಫ್ಲ್ಯಾಶ್ ಬೆಳಕಿಗೆ ಎಲ್ಲ ನಾಣ್ಯವೂ ಡಬಲ್ಲೇ!

ಅದೇ ಇಸವಿಯ ಇನ್ನೊಂದು ಸಾಮಾನ್ಯ ಪೆನ್ನಿಯನ್ನು ಪಕ್ಕದಲ್ಲಿಟ್ಟು ಅಕ್ಷರದ ದಪ್ಪ ನೋಡಿ. ಇದೇ ಮುಖ್ಯ. ಡಬಲ್ ಡೈಯಲ್ಲಿ ಅಕ್ಷರ ಇರಬೇಕಾದ್ದಕ್ಕಿಂತ ದಪ್ಪಗಾಗಿರುತ್ತದೆ, ಯಾಕೆಂದರೆ ಅಲ್ಲಿರುವುದು ನಿಜವಾಗಿಯೂ ಎರಡು ಅಕ್ಷರ. ಎರಡೂ ದುಂಡಗೆ, ಉಬ್ಬಾಗಿ ನಿಂತಿರುತ್ತವೆ. ಅಕ್ಷರದ ಮೂಲೆಗಳಲ್ಲಿ ಹಾವಿನ ನಾಲಿಗೆಯಂಥ ಸೀಳು ಕಾಣುತ್ತದೆ. ಮೆಷಿನ್ ಡಬ್ಲಿಂಗ್‌ನಲ್ಲಿ ಅಕ್ಷರ ಸಣ್ಣದಾಗಿರುತ್ತದೆ. ಎರಡನೆಯ ಅಕ್ಷರ ಅಂತ ನಾವು ಅಂದುಕೊಳ್ಳುವುದು ಮೊದಲನೆಯದರಿಂದಲೇ ಕೆತ್ತಿಹೋದ ಭಾಗ. ತಗ್ಗಾಗಿ, ಮೆಟ್ಟಿಲಿನಂತೆ ಚಪ್ಪಟೆಯಾಗಿ, ಬೆಳಕಿಗೆ ಥಳಕ್ಕನೆ ಹೊಳೆಯುತ್ತದೆ. ಲೋಹ ಸೇರಿದೆಯೋ ಕಳೆದಿದೆಯೋ, ಅಷ್ಟೇ ಪ್ರಶ್ನೆ.

ನನ್ನ ಆಸೆಗೆ ಕಲ್ಲು ಹಾಕಿದ್ದು ಮಾತ್ರ ಆ 'ಎಸ್'. ಚಲಾವಣೆಯ ಸೆಂಟ್ ನಾಣ್ಯಗಳಲ್ಲಿ 1989ರವರೆಗೂ ಟಂಕಸಾಲೆಯ ಗುರುತನ್ನು ಹಬ್ಬಿನಿಂದ ಒತ್ತುತ್ತಿರಲಿಲ್ಲ. ಡೈ ತಯಾರಾದ ಮೇಲೆ, ಬೇರೆಯಾಗಿ, ಕೈಯಿಂದ ಹೊಡೆದು ಮೂಡಿಸುತ್ತಿದ್ದರು. ಹಾಗಾಗಿ ನಿಜವಾದ 1969ರ ಡಬಲ್ ಡೈಯಲ್ಲಿ ಇಸವಿ ಎರಡು, 'ಲಿಬರ್ಟಿ' ಎರಡು, 'ಇನ್ ಗಾಡ್ ವಿ ಟ್ರಸ್ಟ್' ಎರಡು, 'ಎಸ್' ಮಾತ್ರ ಒಂದೇ. ನನ್ನ ನಾಣ್ಯದ 'ಎಸ್' ಪಕ್ಕದಲ್ಲೂ ಇಸವಿಯ ಪಕ್ಕದಲ್ಲಿದ್ದಂಥದೇ ಚಪ್ಪಟೆ ಮೆಟ್ಟಿಲು, ಅದೇ ದಿಕ್ಕಿಗೆ. ಇಸವಿ, ಗುರುತು ಎರಡೂ ಒಟ್ಟಿಗೆ ಹೀಗೆ ಜರುಗಿದ್ದರೆ ಅಲುಗಿದ್ದು ಯಂತ್ರ ಅಂತಲೇ ಅರ್ಥ. ಮುಂದೆ ನೋಡುವ ಗೋಜೇ ಬೇಡ.

ಸವೆದ ಡೈ ಕೂಡ ಕಣ್ಣಿಗೆ ಮೋಸ ಮಾಡುತ್ತದೆ. ಅಕ್ಷರದ ಸುತ್ತ ಮಸುಕಾದ ನೆರಳು ಹರಡಿದಂತೆ ಕಾಣುತ್ತದೆ. 1955ರ ಪೆನ್ನಿಗಳಲ್ಲೇ ಕೊನೆಯ 5 ಮಾತ್ರ ಹೀಗೆ ಎರಡಾಗಿ ಕಾಣುವಂಥವಿವೆ. 'ಬಡವರ ಡಬಲ್ ಡೈ' ಅಂತ ಹೆಸರಿಟ್ಟು ಮಾರುತ್ತಾರೆ. ಹೆಸರು ಚೆನ್ನಾಗಿದೆ, ದುಡ್ಡು ಕೊಡಬೇಡಿ. 1982ರಿಂದೀಚೆಗಿನ ಸತುವಿನ ಪೆನ್ನಿಗಳಲ್ಲಿ ಮೇಲಿನ ತಾಮ್ರದ ಲೇಪ ಸೀಳಿ, ಅಕ್ಷರದ ಪಕ್ಕ ಬಿಳಿ ಗೆರೆ ಕಾಣುವುದೂ ಉಂಟು. ಅದಕ್ಕೂ ಬೆಲೆಯಿಲ್ಲ.

ಇಷ್ಟನ್ನೂ ದಾಟಿ ಬಂದ ನಾಣ್ಯ ಸಿಕ್ಕರೆ? ತೊಳೆಯಬೇಡಿ. ಹುಣಸೆಹಣ್ಣು, ಪೀತಾಂಬರಿ ಯಾವುದೂ ಬೇಡ, ಉಜ್ಜಿದ ನಾಣ್ಯಕ್ಕೆ ಅರ್ಧ ಬೆಲೆಯೂ ಹುಟ್ಟುವುದಿಲ್ಲ. 1955, 1969, 1972, 1983, 1995 - ಪೆನ್ನಿಗಳಲ್ಲಿ ಹೆಸರಾದ ಇಸವಿಗಳು ಇವು. 1983ರದ್ದು ಮಾತ್ರ ಹಿಂಬದಿಯಲ್ಲಿರುತ್ತದೆ, ತಿರುಗಿಸಿ ನೋಡಿ. ಒಂದು ಡೈಯಿಂದ ಬಂದ ನಾಣ್ಯಗಳೆಲ್ಲ ಒಂದೇ ಥರ ಇರುತ್ತವೆ ಅಲ್ವಾ? ಅದಕ್ಕೇ ನಿಮ್ಮದನ್ನು ಆ ಇಸವಿಯ ಅಸಲಿ ನಾಣ್ಯದ ದೊಡ್ಡ ಚಿತ್ರದ ಜೊತೆ ಗೆರೆಗೆ ಗೆರೆ ಹೋಲಿಸಬಹುದು. 1955ರದ್ದಕ್ಕೆ ನಕಲಿಗಳು ಜಾಸ್ತಿ, ತೂಕ 3.11 ಗ್ರಾಂ ಆಸುಪಾಸು ಇದೆಯೇ ನೋಡಿ. ಆಮೇಲಷ್ಟೇ ಪಿಸಿಜಿಎಸ್, ಎನ್‌ಜಿಸಿಯಂಥ ಪರೀಕ್ಷೆ ಮಾಡುವ ಸಂಸ್ಥೆಗಳಿಗೆ ಕಳಿಸುವ ಯೋಚನೆ. ಅವರ ಶುಲ್ಕವೇ ಬಾಟಲಿಯಲ್ಲಿರುವ ಒಟ್ಟು ಚಿಲ್ಲರೆಗಿಂತ ಜಾಸ್ತಿ.

ನನ್ನ ಬಾಟಲಿ ಇನ್ನೂ ಅರ್ಧ ಬಾಕಿಯಿದೆ.