ಒಂಬತ್ತನೇ ಕ್ಲಾಸು ಅಂತ ಬಿಡಬೇಡಿ: ದಾವಣಗೆರೆಯಿಂದ ಅಮೆರಿಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ

ಊರಿಗೆ ಬಂದು ಹತ್ತು ದಿನ ಆಯಿತು. ಅಲ್ಲಿ ಮಗನಿಗೆ ಬೇಸಿಗೆ ರಜೆ, ಇಲ್ಲಿ ಮಳೆಗಾಲ. ವಿದ್ಯಾನಗರದ ನಮ್ಮಪ್ಪನ ಮನೆ ಜಗುಲಿಗೆ ಇಷ್ಟರಲ್ಲೇ ಮೂರು ಮನೆಯವರು ಬಂದು ಕೂತು ಹೋದರು. ಇಬ್ಬರು ಇಲ್ಲಿಯವರು, ಒಬ್ಬರು ಚಿತ್ರದುರ್ಗದಿಂದ ಬಸ್ಸು ಹತ್ತಿ ಬಂದವರು. ಮೂವರೂ ಕೇಳಿದ್ದು ಒಂದೇ. "ಅಕ್ಕಾ, ಮಗ ಎಂಟನೇ ಕ್ಲಾಸು ಮುಗಿಸಿದ್ದಾನೆ. ಅಲ್ಲಿಗೆ ಹೋದರೆ ಮುಂದೆ ಒಳ್ಳೆ ಕಾಲೇಜಿನಲ್ಲಿ ಸೀಟು ಸಿಗುತ್ತದಾ?"

ಈ "ಸೀಟು" ಅನ್ನುವ ಮಾತನ್ನು ದಯವಿಟ್ಟು ವಿಮಾನ ಹತ್ತುವ ಮೊದಲು ಇಲ್ಲೇ ಬಿಟ್ಟು ಹೋಗಿ. 2013ರಲ್ಲಿ ನಾವು ನ್ಯೂಜೆರ್ಸಿಗೆ ಹೋದಾಗ ನಾನು ಅದನ್ನು ಹೊತ್ತುಕೊಂಡೇ ಹೋಗಿದ್ದೆ. ಅದರ ಬೆಲೆ ತೆತ್ತವಳು ನನ್ನ ಮಗಳು.

ನಮ್ಮಲ್ಲಿ ಹೇಗೆ, ನಿಮಗೆ ಗೊತ್ತೇ ಇದೆ. ಎಸ್ಸೆಸ್ಸೆಲ್ಸಿ ಒಂದು, ಸೆಕೆಂಡ್ ಪಿಯುಸಿ ಒಂದು, ಆಮೇಲೆ ಸಿಇಟಿ. ನಡುವಿನ ಒಂಬತ್ತನೇ ಕ್ಲಾಸು, ಫಸ್ಟ್ ಪಿಯುಸಿ ಎಲ್ಲ ಉಸಿರು ಬಿಡುವ ವರ್ಷಗಳು. ನಾನೂ ಹಾಗೇ ಓದಿದವಳು. ಮಾರ್ಚ್ ಬಂದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಐದಕ್ಕೆ ಟ್ಯೂಷನ್ನಿಗೆ ಹೋಗಿ, ಎರಡು ತಿಂಗಳಲ್ಲಿ ವರ್ಷದ್ದೆಲ್ಲ ಓದಿ ಮುಗಿಸಿ, ರ‍್ಯಾಂಕು ಬಂದು, ಊರಲ್ಲೇ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಹಾಗಾಗಿ ಮಗಳಿಗೆ ಧೈರ್ಯ ಹೇಳಿದೆ. "ಒಂಬತ್ತನೇ ಕ್ಲಾಸು ತಾನೇ, ಹೊಸ ದೇಶ, ನಿಧಾನವಾಗಿ ಹೊಂದಿಕೋ. ಹನ್ನೆರಡಕ್ಕೆ ಬಂದಾಗ ಗಟ್ಟಿಯಾಗಿ ಓದಿದರಾಯಿತು."

ಅಲ್ಲಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡು. ಆ ನಾಲ್ಕೂ ವರ್ಷದ ಗ್ರೇಡು ಒಂದೇ ಹಾಳೆಗೆ ಸೇರುತ್ತದೆ. ಅದಕ್ಕೆ ಟ್ರಾನ್ಸ್‌ಕ್ರಿಪ್ಟ್ ಅನ್ನುತ್ತಾರೆ. ಎ ಬಂದರೆ 4, ಬಿ ಬಂದರೆ 3, ಸಿ ಬಂದರೆ 2. ಎಲ್ಲದರ ಸರಾಸರಿಯೇ ಜಿಪಿಎ. ಕಾಲೇಜಿನವರು ಮೊದಲು ನೋಡುವುದು ಅದನ್ನು. ಗ್ರೇಡು ಬರುವುದು ಒಂದು ದೊಡ್ಡ ಪರೀಕ್ಷೆಯಿಂದಲೂ ಅಲ್ಲ. ಹೋಂವರ್ಕಿಗೆ ಇಷ್ಟು, ಕ್ವಿಜ್ಜಿಗೆ ಇಷ್ಟು, ಪ್ರಾಜೆಕ್ಟಿಗೆ ಇಷ್ಟು, ಎಷ್ಟೋ ಕಡೆ ಕ್ಲಾಸಿನಲ್ಲಿ ಬಾಯಿ ಬಿಟ್ಟು ಮಾತಾಡಿದ್ದಕ್ಕೂ ಇಷ್ಟು. ಮೊದಲ ಸೆಮಿಸ್ಟರಿನಲ್ಲಿ ಮಗಳಿಗೆ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂತು, ಕಾರ್ಡಿನಲ್ಲಿ ಸಿ ಬಂತು. ಕಂಪ್ಯೂಟರಿನಲ್ಲಿ ಕಳಿಸಬೇಕಾದ ಹೋಂವರ್ಕು ಆರೇಳು ಬಿಟ್ಟುಹೋಗಿದ್ದವು. ಒಂದೊಂದಕ್ಕೂ ಸೊನ್ನೆ. ಆ ಸಿ ಹನ್ನೆರಡನೇ ಕ್ಲಾಸಿನವರೆಗೂ ಅವಳ ಹಾಳೆಯಲ್ಲೇ ಉಳಿಯಿತು. ಅವಳು ಓದದೆ ಬಂದದ್ದಲ್ಲ ಅದು. ನಾನು ಹೇಳಿದ ಮಾತು ಕೇಳಿ ಬಂದದ್ದು.

ಗಣಿತದ ಕತೆ ಇನ್ನೂ ಬೇಜಾರಿನದು. ನಮ್ಮ ಪುಸ್ತಕದಲ್ಲಿ ಬೀಜಗಣಿತ, ರೇಖಾಗಣಿತ ಎಲ್ಲ ಸೇರಿಸಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ. ಅಲ್ಲಿ ಹೆಚ್ಚಿನ ಶಾಲೆಗಳಲ್ಲಿ ಬೇರೆ ಬೇರೆ. ಒಂದು ವರ್ಷ ಆಲ್ಜೀಬ್ರಾ 1, ಇನ್ನೊಂದು ವರ್ಷ ಜಿಯೋಮೆಟ್ರಿ, ಆಮೇಲೆ ಆಲ್ಜೀಬ್ರಾ 2, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್. ಏಣಿ ಇದ್ದ ಹಾಗೆ. ಒಂಬತ್ತರಲ್ಲಿ ಆಲ್ಜೀಬ್ರಾ 1ರಲ್ಲಿ ಕೂರಿಸಿದರೆ ಹನ್ನೆರಡರೊಳಗೆ ಕ್ಯಾಲ್ಕುಲಸ್ ಮುಟ್ಟುವುದಿಲ್ಲ, ಎಂಜಿನಿಯರಿಂಗಿಗೆ ಅರ್ಜಿ ಹಾಕುವಾಗ ಅದು ಎದ್ದು ಕಾಣುತ್ತದೆ. ಮಗಳ ಅಂಕಪಟ್ಟಿಯಲ್ಲಿ ಬರೀ "ಗಣಿತ" ಅಂತ ಇತ್ತು. ಶಾಲೆಯವರಿಗೆ ಅವಳು ಏನು ಕಲಿತಿದ್ದಾಳೆ ಅಂತ ಗೊತ್ತಾಗಲಿಲ್ಲ, ಆಲ್ಜೀಬ್ರಾ 1ಕ್ಕೆ ಹಾಕಿದರು. ನಾವು ಕೇಳಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಅಂತ ಬೆಳೆದವರಲ್ವಾ ನಾವು. ನೀವು ಹೋಗುವಾಗ ಎಂಟನೇ ಕ್ಲಾಸಿನ ಗಣಿತದ ಪುಸ್ತಕವನ್ನೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ತೋರಿಸಿ, ಪ್ಲೇಸ್‌ಮೆಂಟ್ ಟೆಸ್ಟ್ (ಯಾವ ಮಟ್ಟದ ಪಾಠಕ್ಕೆ ಕೂರಿಸಬೇಕು ಅಂತ ನೋಡುವ ಪರೀಕ್ಷೆ) ಕೊಡಿ ಅಂತ ಬಾಯಿಬಿಟ್ಟು ಕೇಳಿ. ಅಲ್ಲಿ ಹಾಗೆ ಕೇಳಿದರೆ ಯಾರೂ ಅಗೌರವ ಅಂದುಕೊಳ್ಳುವುದಿಲ್ಲ.

ಉಳಿದ ಕಾಗದಪತ್ರ: ಟಿಸಿ, ಎರಡು ಮೂರು ವರ್ಷದ ಅಂಕಪಟ್ಟಿ, ಜನನ ಪ್ರಮಾಣಪತ್ರ, ಲಸಿಕೆ ಹಾಕಿಸಿದ ದಾಖಲೆ, ಮನೆ ಬಾಡಿಗೆ ಪತ್ರ. ಅಷ್ಟೇ.

ಆದರೆ ಸೇರಿಸುವ ದಿನ ಒಂದು ಫಾರಂ ಕೊಡುತ್ತಾರೆ, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ. ಅದರ ಬಗ್ಗೆ ಮಾತ್ರ ನಿಂತು ಹೇಳಬೇಕು. ಕನ್ನಡ ಅಂತ ಬರೆದರೆ ಮಗುವಿನ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಬೇಕಾದರೆ ಸ್ವಲ್ಪ ದಿನ ಬೇರೆ ಪಾಠ ಕೊಡುತ್ತಾರೆ. ಅದರಲ್ಲಿ ಏನೂ ಅವಮಾನ ಇಲ್ಲ. ನಾನು ಹೆದರಿ ಇಂಗ್ಲಿಷ್ ಅಂತ ಬರೆದೆ. ಬರೆದ ಮೇಲೆ ಅದನ್ನು ನಿಜ ಮಾಡಲು ಹೊರಟೆ. ಊಟಕ್ಕೆ ಕೂತಾಗಲೂ ಇಂಗ್ಲಿಷ್. ಮಗನಿಗೆ ಆಗ ಐದು ವರ್ಷ. ಈಗ ಹದಿನೇಳು. ಅಜ್ಜ ಕನ್ನಡದಲ್ಲಿ ಕೇಳಿದ್ದು ಅವನಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನಮ್ಮಪ್ಪ ನನ್ನ ಮುಖ ನೋಡುತ್ತಾರೆ. ಹತ್ತು ದಿನದಿಂದ ನಾನು ಇಬ್ಬರ ನಡುವೆ ಕೂತು ಒಂದೊಂದೇ ಮಾತನ್ನು ದಾಟಿಸುತ್ತಿದ್ದೇನೆ. ಕನ್ನಡ ಅಂತಲೇ ಬರೆಯಿರಿ.

ಕೌನ್ಸೆಲರ್ ಅಂತ ಒಬ್ಬರು ಇರುತ್ತಾರೆ. ನಮ್ಮಲ್ಲಿ ಶಾಲೆಯಿಂದ ಕರೆ ಬಂದರೆ ಮಗು ಏನೋ ತಪ್ಪು ಮಾಡಿದೆ ಅಂತ ಅರ್ಥ. ಹಾಗಾಗಿ ಕರೆಯಲಿಲ್ಲವಲ್ಲ, ಎಲ್ಲ ಚೆನ್ನಾಗಿದೆ ಅಂತ ಎರಡು ವರ್ಷ ಸುಮ್ನೆ ಇದ್ದೆ. ಯಾವ ವರ್ಷ ಯಾವ ವಿಷಯ ತೆಗೆದುಕೊಳ್ಳಬೇಕು ಅಂತ ಹೇಳುವವರು ಅವರು, ಕಾಲೇಜಿಗೆ ಮಗುವಿನ ಬಗ್ಗೆ ಬರೆಯುವವರೂ ಅವರು. ಎಪಿ ಅನ್ನುವ ಕಾಲೇಜು ಮಟ್ಟದ ಪಾಠಗಳಿವೆ, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಒಳ್ಳೆ ಅಂಕ ಬಂದರೆ ಬಹಳ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಅಂದರೆ ಅದನ್ನು ಡಿಗ್ರಿಯ ಲೆಕ್ಕಕ್ಕೆ ಹಿಡಿಯುತ್ತವೆ. ಇದು ನನಗೆ ತಿಳಿದದ್ದು ಮಗಳು ಹನ್ನೊಂದಕ್ಕೆ ಬಂದಾಗ.

ಮೇಷ್ಟ್ರುಗಳೂ ಮಗುವಿನ ಬಗ್ಗೆ ಕಾಲೇಜಿಗೆ ಪತ್ರ ಬರೆಯಬೇಕು. ನನ್ನ ಮಗಳು ಮೊದಲ ದಿನ ಟೀಚರ್ ಒಳಗೆ ಬಂದ ಕೂಡಲೇ ಎದ್ದು ನಿಂತಳಂತೆ. ಇಡೀ ಕ್ಲಾಸು ತಿರುಗಿ ನೋಡಿತಂತೆ. ಆಮೇಲೆ ಅವಳು ಎದ್ದು ನಿಲ್ಲುವುದನ್ನೂ ಬಿಟ್ಟಳು, ಮಾತಾಡುವುದನ್ನೂ ಬಿಟ್ಟಳು. ಸುಮ್ಮನೆ ಕೂರುವ ಮಗು ಒಳ್ಳೆ ಮಗು ಅಂತ ಕಲಿಸಿದ್ದು ನಾವೇ. ಹೆಸರು ಮಾತ್ರ ಗೊತ್ತಿರುವ ಹುಡುಗಿಯ ಬಗ್ಗೆ ಯಾವ ಟೀಚರ್ ತಾನೇ ಏನು ಬರೆದಾರು? ಮಗುವಿಗೆ ಪ್ರಶ್ನೆ ಕೇಳುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ನಿಮ್ಮನ್ನೇ ಕೇಳಲಿ, ಎದುರು ಮಾತಾಡಲಿ. ಮೊದಮೊದಲು ಮನಸ್ಸಿಗೆ ಹಿಡಿಸುವುದಿಲ್ಲ, ತಡೆದುಕೊಳ್ಳಿ.

ಇನ್ನು ವೀಸಾ ವಿಷಯ, ಬೇಗ ಹೇಳುತ್ತೇನೆ, ಆದರೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಅಪ್ಪನೋ ಅಮ್ಮನೋ ಎಚ್-1ಬಿ ಕೆಲಸದ ವೀಸಾದಲ್ಲಿದ್ದರೆ ಮನೆಯವರಿಗೆ ಸಿಗುವುದು ಎಚ್-4. ಅದರಲ್ಲಿರುವ ಮಕ್ಕಳಿಗೆ 21 ತುಂಬಿದರೆ ಆ ವೀಸಾ ಮುಗಿಯಿತು. ಭಾರತದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೆ ಗೊತ್ತು. ಕಾಲೇಜಿನ ನಡುವೆಯೇ ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗುತ್ತದೆ. ಮಗಳಿಗೂ ಹಾಗೇ ಆಯಿತು. ಎಫ್-ಎ-ಎಫ್-ಎಸ್-ಎ ಅನ್ನುವ ಸರ್ಕಾರಿ ಧನಸಹಾಯದ ಅರ್ಜಿಯೂ ಎಚ್-4 ಮಕ್ಕಳಿಗೆ ಉಪಯೋಗಕ್ಕಿಲ್ಲ. ದುಡ್ಡಿನ ಲೆಕ್ಕವನ್ನು ಒಂಬತ್ತನೇ ಕ್ಲಾಸಿನಲ್ಲೇ ಹಾಕಿ.

ದುಡ್ಡಿನ ಮಾತು ಬಂತಲ್ಲ, ಕಮ್ಯುನಿಟಿ ಕಾಲೇಜು ಅಂದರೆ ಮೂಗು ಮುರಿಯಬೇಡಿ. ಎರಡು ವರ್ಷ ಅಲ್ಲಿ ಕಡಿಮೆ ಫೀಸಿನಲ್ಲಿ ಓದಿ, ಮೂರನೇ ವರ್ಷಕ್ಕೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಕೊನೆಗೆ ಸಿಗುವುದು ಆ ವಿಶ್ವವಿದ್ಯಾಲಯದ ಡಿಗ್ರಿಯೇ. ನಮ್ಮ ಪಕ್ಕದ ಬೀದಿಯ ಕನ್ನಡದವರು ಮಗನನ್ನು ಹಾಗೆ ಓದಿಸಿದರು. "ಸೀಟು ಸಿಗಲಿಲ್ಲವಂತೆ ಪಾಪ" ಅಂತ ನಾವೆಲ್ಲ ಮಾತಾಡಿಕೊಂಡೆವು. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಕಾಲೇಜು ಸೇರಿದ ಮೇಲಿನ ತಪ್ಪು ಬೇರೆಯೇ. ಮೊದಲ ಸೆಮಿಸ್ಟರಿನಲ್ಲಿ ಮಗಳು ಫೋನಿನಲ್ಲಿ ಸರಿಯಾಗಿ ಮಾತಾಡುತ್ತಿರಲಿಲ್ಲ. ನಾನು ಕಾಲೇಜಿನ ಆಫೀಸಿಗೇ ಫೋನ್ ಮಾಡಿ ಅಂಕ ಕೇಳಿದೆ. ಫೀಸು ಕಟ್ಟುವವಳು ನಾನು ಅಂತಲೂ ಹೇಳಿದೆ. ಅವರು ಕೊಡಲಿಲ್ಲ. ಫರ್ಪಾ ಅಂತ 1974ರ ಕಾನೂನು ಇದೆ, ಕಾಲೇಜು ಸೇರಿದ ಮೇಲೆ ಅಂಕ ನೋಡುವ ಹಕ್ಕು ಮಗುವಿನದು. ಅವಳು ಒಪ್ಪಿ ಬರೆದುಕೊಡದೆ ನಮಗೆ ಹೇಳಬೇಕಾಗಿಲ್ಲ. ಸಿಟ್ಟು ಬಂದು ರಾತ್ರಿಯೇ ಕಾರು ಹತ್ತಿ ಅವಳ ಹಾಸ್ಟೆಲಿಗೆ ಹೋದೆ. ಅವಳು ಕೆಮಿಸ್ಟ್ರಿ ನಡುವೆ ಬಿಟ್ಟಿದ್ದಳು, ಅದಕ್ಕೆ ಗ್ರೇಡಿನ ಜಾಗದಲ್ಲಿ ಡಬ್ಲ್ಯೂ (ವಿತ್‌ಡ್ರಾ) ಅಂತ ಬರುತ್ತದೆ. ಬ್ಯಾಕ್ ಉಳಿಯಿತಾ ಅಂತ ಕೂಗಾಡಿದೆ. ಅದು ನಮ್ಮ ಬ್ಯಾಕ್ ಅಲ್ಲ, ಜಿಪಿಎಗೂ ಸೇರುವುದಿಲ್ಲ. ಅವಳು ಕೊಠಡಿಯ ಬಾಗಿಲಲ್ಲಿ ನಿಂತು "ನಿನಗೆ ಹೇಳೋಕೆ ಭಯ ಆಯ್ತಮ್ಮ" ಅಂದಳು. ಕನ್ನಡದಲ್ಲೇ ಅಂದಳು.

ಕಾಲೇಜಿನ ಇನ್ನೊಂದು ಮಾತು, ಮಕ್ಕಳಿಗೆ ಮೊದಲೇ ಹೇಳಿ. ಸೀನಿಯರ್ ರೆಕಾರ್ಡ್ ತಂದು ರಾತ್ರಿಯೆಲ್ಲ ನಕಲು ಮಾಡುವುದು ನಮಗೆ ಎಂಜಿನಿಯರಿಂಗಿನಲ್ಲಿ ಮಾಮೂಲಿ. ಅಲ್ಲಿ ಅದು ಕಳ್ಳತನ, ಕಾಲೇಜಿನಿಂದ ಹೊರಗೂ ಹಾಕಬಹುದು. ಅದರ ಬದಲು ಆಫೀಸ್ ಅವರ್ಸ್ ಅಂತ ಪ್ರೊಫೆಸರ್ ಬಾಗಿಲು ತೆರೆದು ಕೂತಿರುತ್ತಾರೆ, ಹೋಗಿ ಕೇಳಲಿ.

ನಾನು ಮಾಡಿದ್ದರಲ್ಲಿ ಈಗಲೂ ಚುಚ್ಚುವುದು ಪ್ರಬಂಧದ ವಿಷಯ. ಕಾಲೇಜಿನ ಅರ್ಜಿಯ ಜೊತೆ ಮಗು ತನ್ನ ಬಗ್ಗೆ ತಾನೇ ಬರೆಯಬೇಕು, ಕಾಮನ್ ಆ್ಯಪ್ ಅನ್ನುವ, ಬಹಳ ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಅರ್ಜಿಯಲ್ಲಾದರೆ 650 ಪದದೊಳಗೆ. ನಮ್ಮಪ್ಪನದು ಮಂಡಕ್ಕಿ ವ್ಯಾಪಾರ. ಚಿಕ್ಕವಳಿದ್ದಾಗ ಮಗಳು ಅಜ್ಜನ ಟಿವಿಎಸ್ ಮೇಲೆ ಮಂಡಕ್ಕಿ ಭಟ್ಟಿಗೆ ಹೋಗುತ್ತಿದ್ದಳು. ಹೊಗೆ, ಕಾದ ಉಸುಕು, ಒಂದು ಕ್ಷಣದಲ್ಲಿ ಅರಳುವ ಅಕ್ಕಿ, ಬೆಂಕಿ ಮುಂದೆ ಇಡೀ ದಿನ ನಿಲ್ಲುವ ಜನ. ಅದನ್ನು ಬರೆದಿದ್ದಳು. ನಾನು ಓದಿ, ಇದನ್ನು ಯಾರು ಓದುತ್ತಾರೆ, ರೊಬೊಟಿಕ್ಸ್ ಬಗ್ಗೆ ಬರಿ ಅಂದೆ. ರೊಬೊಟಿಕ್ಸ್ ಕ್ಲಬ್ಬಿಗೆ ಅವಳು ಎರಡು ತಿಂಗಳು ಹೋಗಿದ್ದಳು, ಅದೂ ನನ್ನ ಒತ್ತಾಯಕ್ಕೆ. ಮರುಮಾತಾಡದೆ ಬರೆದು ಕಳಿಸಿದಳು.

ಈಗ ಮಗನ ಸರದಿ. ಮೊನ್ನೆ ಅವನು ಅಕ್ಕನಿಗೆ ನಿನ್ನದು ಕಳಿಸು ಅಂತ ಕೇಳಿದ. ಅವಳು ಕಳಿಸಿದ್ದು ಮಂಡಕ್ಕಿ ಭಟ್ಟಿಯದು. ಎಂಟೊಂಬತ್ತು ವರ್ಷ ಇಟ್ಟುಕೊಂಡಿದ್ದಳು. ಮಧ್ಯಾಹ್ನ ಜಗುಲಿಯಲ್ಲಿ ಅವನು ಇಂಗ್ಲಿಷಿನಲ್ಲಿ ಓದಿದ, ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಉಸುಕು ಕಾಯ್ಸೋದು ಸರಿಯಾಗಿ ಬರದಾಳೆ. ಅಕ್ಕಿಗೆ ಮೊದ್ಲು ಉಪ್ಪು ನೀರು ಹಾಕ್ಬೇಕು, ಅದನ್ನ ಬಿಟ್ಟಾಳೆ. ಫೋನ್ ಹಚ್ಚು, ಹೇಳ್ತೀನಿ."

ಅಲ್ಲಿ ಆಗ ರಾತ್ರಿ ಮೂರು ಗಂಟೆ. ಅವಳು ಏಳಲಿ ಅಂದೆ. ಅಪ್ಪ ಒಳಗೆ ಹೋಗಲಿಲ್ಲ. ಮಗನೂ ಫೋನ್ ಕೆಳಗಿಟ್ಟು ಅವರ ಪಕ್ಕ ಕೂತ. "ಉಪ್ಪು ಯಾಕೆ, ಅಜ್ಜಾ?" ಅಂದ. ಮೂರೇ ಪದ, ಕನ್ನಡದಲ್ಲಿ. ನಾನು ದಾಟಿಸಬೇಕಾಗಲಿಲ್ಲ. ಸಂಜೆ ನಾಲ್ಕೂವರೆಗೆ ಅವಳಿಗೆ ಫೋನ್ ಹಚ್ಚಿದೆವು.