ಗಲ್ಫಿಗೆ ಹೊರಡುವ ಮುನ್ನ ದಿನನಿತ್ಯದ ಮದ್ದಿನ ವ್ಯವಸ್ಥೆ

ಬಿಪಿ, ಶುಗರ್, ಥೈರಾಯ್ಡ್ ಇರುವವರು ಮಂಗಳೂರು, ಉಡುಪಿ ಕಡೆಯಿಂದ ದುಬೈಗೋ ದಮ್ಮಾಮಿಗೋ ಕೆಲಸಕ್ಕೆ ಹೊರಟಾಗ ಹೆಚ್ಚಾಗಿ ಮಾಡುವುದು ಇಷ್ಟೇ: ಹೊರಡುವ ಮುನ್ನಾದಿನ ಮೆಡಿಕಲ್‌ಗೆ ಹೋಗಿ, ಹಳೇ ಸ್ಟ್ರಿಪ್ ತೋರಿಸಿ, ಆರು ತಿಂಗಳ ಮಾತ್ರೆ ಕಟ್ಟಿಸಿಕೊಳ್ಳುವುದು. ತೊಂದರೆ ಶುರುವಾಗುವುದೇ ಅಲ್ಲಿ. ಈ ಕೆಲಸಕ್ಕೆ ಕಡಿಮೆಯೆಂದರೂ ಒಂದು ತಿಂಗಳು ಮೊದಲೇ ಕೂರಬೇಕು. ನಿಮಗೆ ಗೊತ್ತಿರಬೇಕಾದದ್ದು ಮಾತ್ರೆಯ ಕಂಪನಿ ಹೆಸರಲ್ಲ, ಅದರೊಳಗಿರುವ ಸಾಲ್ಟ್‌ನ, ಅಂದರೆ ಮೂಲ ಔಷಧದ ಹೆಸರು.

ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರಡಿ, ಒಂದೊಂದನ್ನೇ ಮಗುಚಿ ಹಿಂದಿನ ಸಣ್ಣ ಅಕ್ಷರ ಓದಿ. ಕಾಲು ಜೋಮು, ಬೆನ್ನುನೋವು ಎಂದವರಿಗೆ ಬರೆದುಕೊಡುವ 'ನರದ ಮಾತ್ರೆ'ಯನ್ನು ವಿಟಮಿನ್ ಎಂದೇ ತಿಳಿದವರು ಬಹಳ. ಅದರ ಹಿಂದೆ ಎಷ್ಟೋ ಸಲ ಮೀಥೈಲ್‌ಕೋಬಾಲಮಿನ್ ಜೊತೆ 'ಪ್ರೆಗಾಬಲಿನ್ 75 ಎಂಜಿ' ಎಂದೂ ಬರೆದಿರುತ್ತದೆ. ಮೊದಲನೆಯದು ಬಿ12 ವಿಟಮಿನ್, ಅದರಿಂದ ತೊಂದರೆಯಿಲ್ಲ. ಎರಡನೆಯದು ಯುಎಇ, ಸೌದಿ, ಕತಾರ್‌ಗಳಲ್ಲಿ ನಿಯಂತ್ರಿತ ಮದ್ದು. ಅಲ್ಟ್ರಾಸೆಟ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಇದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇದೆ. ನಿದ್ದೆಗೆ, ಗಾಬರಿಗೆ ಕೊಡುವ ಅಲ್ಪ್ರಜೋಲಮ್, ಕ್ಲೋನಜೆಪಾಮ್, ಜೋಲ್ಪಿಡೆಮ್ ಕೂಡ ಇದೇ ಸಾಲಿಗೆ ಸೇರುತ್ತವೆ. ಸ್ಟ್ರಿಪ್ ಮೇಲೆ ಕೆಂಪಕ್ಷರದಲ್ಲಿ 'ಎನ್‌ಆರ್‌ಎಕ್ಸ್' ಎಂದಿದ್ದರೆ ಅದು ನಮ್ಮಲ್ಲೇ ಅಮಲು ಮದ್ದಿನ ಕಾನೂನಿನಡಿ ಬರುವ ಮದ್ದು ಎಂದರ್ಥ. ಆದರೆ ಆ ಗುರುತಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಪ್ರೆಗಾಬಲಿನ್‌ಗೆ ಇಲ್ಲಿ ಆ ಗುರುತಿಲ್ಲ, ಅಲ್ಲಿನ ಕಾನೂನು ಬೇರೆ.

ಪಟ್ಟಿ ಕೈಗೆ ಬಂದ ಮೇಲೆ ನಿಮ್ಮ ಡಾಕ್ಟರನ್ನು ಕಂಡು, ಹೋಗುವ ದೇಶ ಯಾವುದೆಂದು ಹೇಳಿ. ನಿಯಂತ್ರಿತ ಮದ್ದಿಗೆ ಬದಲಿ ಇದೆಯೇ ಎಂದು ಕೇಳಿ. ಒಂದು ತಿಂಗಳ ಸಮಯ ಬೇಕಾಗುವುದು ಇದಕ್ಕೇ. ಪ್ರೆಗಾಬಲಿನ್, ಕ್ಲೋನಜೆಪಾಮ್‌ನಂಥವನ್ನು ಒಮ್ಮೆಲೇ ಬಿಟ್ಟರೆ ನಿದ್ದೆ ಕೆಡುತ್ತದೆ, ಚಡಪಡಿಕೆ ಹೆಚ್ಚುತ್ತದೆ, ಫಿಟ್ಸ್ ಕೂಡ ಬರಬಹುದು. ಡೋಸನ್ನು ಹಂತಹಂತವಾಗಿ ಇಳಿಸಬೇಕು, ಅದೂ ಡಾಕ್ಟರ್ ಹೇಳಿದಂತೆ. ಬದಲಿ ಇಲ್ಲವೆಂದಾದರೆ ಆ ದೇಶದ ಔಷಧ ಇಲಾಖೆಯಿಂದ ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ಪಡೆಯಬೇಕು. ಯುಎಇಯಲ್ಲೂ ಸೌದಿಯಲ್ಲೂ ಆ ವ್ಯವಸ್ಥೆ ಇದೆ. ಪಾಸ್‌ಪೋರ್ಟ್ ಪ್ರತಿ, ಮದ್ದಿನ ಚೀಟಿ, ಡಾಕ್ಟರ ವರದಿ ಸಿದ್ಧವಿರಲಿ. ಅನುಮತಿ ಪತ್ರ ಕೈಗೆ ಬರುವ ತನಕ ಆ ಮಾತ್ರೆ ಬ್ಯಾಗಿಗೆ ಹೋಗಬಾರದು.

ಚೀಟಿಯಲ್ಲಿ ಕಾಯಿಲೆಯ ಹೆಸರು, ಸಾಲ್ಟ್‌ನ ಹೆಸರು, ಪ್ರಮಾಣ, ದಿನಕ್ಕೆ ಎಷ್ಟು ಬಾರಿ, ಎಷ್ಟು ದಿನಕ್ಕೆ ಎಂಬುದೆಲ್ಲ ಓದುವಂತಿರಬೇಕು. ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ಸೀಲು, ತಾರೀಕು ಬೇಕೇಬೇಕು. ಆಸ್ಪತ್ರೆಯ ಕಾರ್ಡಿನಲ್ಲಿ ಕರೆಯುವ ಹೆಸರು, ಪಾಸ್‌ಪೋರ್ಟಿನಲ್ಲಿ ಉದ್ದದ ಹೆಸರು ಇರುವುದು ನಮ್ಮ ಕಡೆ ಮಾಮೂಲು. ಚೀಟಿ, ಬಿಲ್ಲು ಎರಡನ್ನೂ ಪಾಸ್‌ಪೋರ್ಟಿನ ಹೆಸರಲ್ಲೇ ಮಾಡಿಸಿ. ಎಷ್ಟು ಒಯ್ಯಬಹುದು ಎಂಬುದು ದೇಶಕ್ಕೂ ಮದ್ದಿಗೂ ತಕ್ಕಂತೆ ಬದಲಾಗುತ್ತದೆ, ಕೆಲವದಕ್ಕೆ 30 ದಿನದ್ದೇ ಮಿತಿ. ಮಿತಿ ನೋಡಿಕೊಂಡು ಲೆಕ್ಕ ಹಾಕಿ: ದಿನಕ್ಕೆರಡು ಮೆಟ್‌ಫಾರ್ಮಿನ್, 90 ದಿನಕ್ಕೆ 180 ಮಾತ್ರೆ, ಅಂದರೆ ಹದಿನೈದರ ಸ್ಟ್ರಿಪ್ ಹನ್ನೆರಡು. ಚೀಟಿಯಲ್ಲಿರುವ ಲೆಕ್ಕವೂ ಬ್ಯಾಗಿನಲ್ಲಿರುವ ಲೆಕ್ಕವೂ ತಾಳೆಯಾಗಲೇಬೇಕು.

ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ. ಬಿಡಿಸಿ ಡಬ್ಬಿಗೆ ತುಂಬಿದರೆ ಅದು ಏನೆಂದು ತೋರಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ. ಎಲ್ಲವೂ ಹ್ಯಾಂಡ್ ಬ್ಯಾಗಿನಲ್ಲಿರಲಿ. ಇನ್ಸುಲಿನ್ ಅಂತೂ ಚೆಕ್-ಇನ್ ಲಗೇಜಿಗೆ ಹಾಕಲೇಬಾರದು, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕಾದ್ದೇ. ಐಸ್ ಪ್ಯಾಕಿಗೆ ನೇರ ತಾಗದಂತೆ ಬಟ್ಟೆ ಸುತ್ತಿ ಇಡಿ.

ಇನ್ಸುಲಿನ್ ವಿಷಯದಲ್ಲಿ ಇನ್ನೊಂದು ಅಪಾಯವಿದೆ, ಜೀವಕ್ಕೇ ಕುತ್ತು ತರುವಂಥದ್ದು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯುನಿಟ್‌ನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಹೊರದೇಶಗಳಲ್ಲಿ ಸಿಗುವುದು 100 ಯುನಿಟ್‌ನದು, ಸಿರಿಂಜಿಗೆ ಕಿತ್ತಳೆ ಮುಚ್ಚಳ. ಊರಿನಿಂದ ತಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಅಲ್ಲಿನ ಇನ್ಸುಲಿನನ್ನು 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯುನಿಟ್. ಶುಗರ್ ಕುಸಿದು ಪ್ರಜ್ಞೆ ತಪ್ಪುತ್ತದೆ. ಹೊರಡುವ ಮುಂಚೆಯೇ ಡಾಕ್ಟರ ಬಳಿ ಮಾತಾಡಿ ಇನ್ಸುಲಿನ್ ಪೆನ್‌ಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಪೆನ್ ಇಲ್ಲೂ 100 ಯುನಿಟ್‌ನದೇ.

ಕಷಾಯ, ಅರಿಷ್ಟ, ಭಸ್ಮಗಳಿಗೂ ಯೋಚಿಸಬೇಕು. ಅರಿಷ್ಟ, ಆಸವಗಳಲ್ಲಿ ಹುದುಗಿ ಬಂದ ಮದ್ಯಾಂಶ ಇರುತ್ತದೆ, ಸೌದಿ, ಕುವೈತ್‌ಗೆ ಒಯ್ಯಬೇಡಿ. ಮದ್ದಲ್ಲದಿದ್ದರೂ ಹೇಳಲೇಬೇಕಾದದ್ದು ಗಸಗಸೆ: ಯುಎಇ, ಸೌದಿಗಳಲ್ಲಿ ಅದಕ್ಕೆ ನಿಷೇಧವಿದೆ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆ ಪುಡಿಗೆ ಅದು ಬಿದ್ದಿದೆಯೇ ಎಂದು ಕೇಳಿಕೊಳ್ಳಿ. ಬೇರೆಯವರ ಮದ್ದಿನ ಪೊಟ್ಟಣವನ್ನು, ಎಷ್ಟೇ ಹತ್ತಿರದವರದಾದರೂ, ನಿಮ್ಮ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರು ಬ್ಯಾಗಿನವರೇ.

ಅಲ್ಲಿಗೆ ಹೋದ ಮೇಲೆ ಊರಿನ ಚೀಟಿಗೆ ಫಾರ್ಮಸಿಯಲ್ಲಿ ಮದ್ದು ಕೊಡುವುದಿಲ್ಲ, ಅಲ್ಲಿನ ಡಾಕ್ಟರೇ ಬರೆಯಬೇಕು. ಯುಎಇಯಲ್ಲಿ 2025ರ ಜನವರಿಯಿಂದ ಎಲ್ಲ ಎಮಿರೇಟ್‌ಗಳಲ್ಲೂ ಕಾರ್ಮಿಕರಿಗೆ ಆರೋಗ್ಯ ವಿಮೆ ಕಡ್ಡಾಯ. ಹಳೇ ಕಾಯಿಲೆಗೆ ಎಂದಿನಿಂದ ವಿಮೆ ಸಿಗುತ್ತದೆ ಎಂದು ಕಂಪನಿಯವರನ್ನು ಮೊದಲೇ ಕೇಳಿ. ಕೈಯಲ್ಲಿ ಎರಡು ವಾರದ ಮಾತ್ರೆ ಉಳಿದಿರುವಾಗಲೇ ಡಾಕ್ಟರನ್ನು ನೋಡಿ, ಹೋಗುವಾಗ ಇತ್ತೀಚಿನ ರಕ್ತಪರೀಕ್ಷೆಯ ವರದಿ ಒಯ್ಯಿರಿ. ಡೋಲೋ ಎಂದರೆ ಅರ್ಥವಾಗದ ಕಡೆಯೂ ಪ್ಯಾರಾಸಿಟಮಾಲ್ ಎಂದರೆ ತಿಳಿಯುತ್ತದೆ. ಒಂದೇ ಮಾತ್ರೆಯಲ್ಲಿ ಮೂರು ಮದ್ದು ಸೇರಿಸಿದ ನಮ್ಮ ಶುಗರ್ ಮಾತ್ರೆಗಳು ಅಲ್ಲಿ ಸಿಗದಿರಬಹುದು, ಆಗ ಬೇರೆಬೇರೆಯಾಗಿ ತೆಗೆದುಕೊಳ್ಳಬೇಕಾಗುತ್ತದೆ.

ಹೃದಯದ ವಾಲ್ವ್ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಗಮನಿಸಲೇಬೇಕು. ಅದರ ಸಾಲ್ಟ್ ಅಸೆನೊಕೌಮರಾಲ್. ಅದು ಸಿಗದೆ ಅದೇ ಬಗೆಯ ವಾರ್ಫರಿನ್‌ಗೆ ಬದಲಾಯಿಸಿದರೆ ಎಂಜಿ ಲೆಕ್ಕ ಒಂದಕ್ಕೊಂದು ಹೊಂದುವುದಿಲ್ಲ. ಡೋಸನ್ನು ಡಾಕ್ಟರೇ ಹೊಸದಾಗಿ ಗೊತ್ತುಮಾಡಬೇಕು, ಬದಲಿಸಿದ ಮೊದಲ ವಾರದಲ್ಲೇ ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು.